ಸದ್ದಿಲ್ಲದ ಟ್ಯಾಕ್ಸಿ

ಬಾನೆಟ್ಟಿನ ಮೇಲೆ ಗುಬ್ಬಿ ಕೂತಿದೆ, ಗಾಡಿ ಹೋಗುತ್ತಲೇ ಇದೆ, ಗುಬ್ಬಿಗೆ ಗೊತ್ತೇ ಇಲ್ಲ — ಥೂ, ಹಕ್ಕಿಗೂ ಗೊತ್ತಾಗದ ಗಾಡಿ ಓಡಿಸುತ್ತಿದ್ದೇನೆ, ಕುರ್ಲಾ ಸ್ಟೇಷನ್ನಿನ ಹೊರಗೆ ಹಾಡುಹಗಲು ಜನ ನನ್ನ ಮುಂದೆಯೇ ಅಡ್ಡ ದಾಟುತ್ತಾರೆ, ತಲೆ ಎತ್ತುವುದಿಲ್ಲ, ಬ್ರೇಕ್ ಒತ್ತಿ ಒತ್ತಿ ಕಾಲು ಸೋತಿತು, ಮಡ್‌ಗಾರ್ಡ್ ತಾಗಿದ ಮೇಲೆ ತಿರುಗಿದ ಮುದುಕಿ ನೋಡಿದ್ದು ನನ್ನನ್ನಲ್ಲ, ನನ್ನ ಆಚೆಗೆ, ಸೀಟಿನಲ್ಲಿ ಯಾರೂ ಇಲ್ಲವೆಂಬಂತೆ, ಈ ವಾರವೆಲ್ಲ ಹೀಗೇ, ಕನ್ನಡಿಯಲ್ಲಿ ಆಗಾಗ ಮುಖ ನೋಡಿಕೊಳ್ಳುತ್ತೇನೆ, ಇದೆಯೋ ಇಲ್ಲವೋ ಅಂತ. ಎಂಜಿನ್ ಕಿತ್ತು ಬ್ಯಾಟರಿ ತುಂಬಿಸಿದ ಸೇಠ್ ಹೇಳುತ್ತಾನೆ, ದೇಖೋ ಸೀನಾ, ಕರೆಂಟಿಗೆ ಪೆಟ್ರೋಲಿನ ಕಾಲು ಭಾಗವೂ ಆಗೋದಿಲ್ಲ, ಫಾಯದಾನೇ ಫಾಯದಾ — ಯಾರಿಗೆ? ಬ್ಯಾಟರಿ ರಾತ್ರಿಯಿಡೀ ಕರೆಂಟು ಕುಡಿಯುತ್ತದೆ, ರಾತ್ರಿ ಪಾಳಿ ಓಡಿಸುತ್ತಿದ್ದವನು ಏನು ಕುಡಿಯಬೇಕು, ಎರಡು ವರ್ಷಕ್ಕೆ ಅದು ಸತ್ತರೆ ಹೊಸದು ಯಾರ ಕಮಾಯಿಯಿಂದ, ಕೇಳಿದರೆ, ನೀನು ಐದನೇ ಕ್ಲಾಸು, ಹಿಸಾಬು ನನಗೆ ಬಿಡು ಅಂತ ಹಲ್ಲು ಕಿರಿಯುತ್ತಾನೆ, ಆ ಹಲ್ಲು ಉದುರಿಸಬೇಕು ಒಂದು ದಿನ. ಇದು ಚೆನ್ನಾಗಿ ಓಡಿದರೆ ಸೋಮವಾರ ಪೂವಪ್ಪಣ್ಣನ ಗಾಡಿಯ ಎಂಜಿನ್ನೂ ಕೀಳುತ್ತಾರೆ, ಅದರ ಜೊತೆ ಅವನನ್ನೂ, ಮುದುಕನ ಕೈಗೆ ಹೊಸ ಗಾಡಿ ಕೊಡೋದಿಲ್ಲವಂತೆ — ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದ ನನ್ನ ಕೈಗೆ ಸ್ಟೀರಿಂಗ್ ಕೊಟ್ಟವನು, ಕಣ್ಣು ಮುಚ್ಚಿ ಎಂಜಿನ್ ಕೇಳು ಮಾರಾಯ, ಯಾವಾಗ ಗೇರು ಹಾಕಬೇಕು ಅದೇ ಹೇಳ್ತದೆ ಅನ್ನುತ್ತಿದ್ದವನು — ಇದಕ್ಕೆ ಗೇರೂ ಇಲ್ಲ, ಟ್ರಾಮಿನಲ್ಲಿರುವಂಥ ಒಂದು ಹಿಡಿಕೆ, ಸರಿಸಿದರೆ ಹೊರಟಿತು, ಹೊರಟದ್ದು ಕೂತವನಿಗೂ ಕೇಳುವುದಿಲ್ಲ. ಊರಿನ ಕೋಲದ ಭೂತದ ಕಾಲಿಗಾದರೂ ಗಗ್ಗರದ ಗೆಜ್ಜೆ ಉಂಟು, ಬರೋದು ಕೇಳ್ತದೆ, ನಿನ್ನದಕ್ಕೆ ಅದೂ ಇಲ್ಲವಲ್ಲ ಮಾರಾಯ, ಬೆಳಿಗ್ಗೆ ಚಾ ಕುಡಿಯುತ್ತಾ ಪೂವಪ್ಪಣ್ಣ ಅಂದ, ನಕ್ಕ, ನಾನೂ ನಕ್ಕೆ. ಸಂಜೆ ಸೇಠ್‌ಗೆ ಹೇಳಿಬಿಡುತ್ತೇನೆ, ಏರಿನಲ್ಲಿ ಗಾಡಿ ನಿಲ್ಲುತ್ತದೆ, ಪ್ಯಾಸೆಂಜರ್ ಹೆದರಿ ಇಳಿಯುತ್ತಾರೆ, ನಿನ್ನ ಬ್ಯಾಟರಿ ನೀನೇ ಇಟ್ಟುಕೋ — ಸುಳ್ಳಾದರೆ ಆಗಲಿ, ಪೂವಪ್ಪಣ್ಣನ ಎಂಜಿನ್ ಉಳಿಯಲಿ.

ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದು ಪೂವಪ್ಪಣ್ಣನ ಗಾಡಿಯ ಹಿಂದೆ ನಿಂತೆ, ಸಾಲು ಸರಿಯಿತು, ಸ್ಟ್ಯಾಂಡಿನಲ್ಲಿ ಸಾಲು ಸರಿದರೆ ಯಾರೂ ಎಂಜಿನ್ ಹಚ್ಚುವುದಿಲ್ಲ, ನಾಲ್ಕು ಹೆಜ್ಜೆಗೆ ಯಾರು ಪೆಟ್ರೋಲ್ ಸುಡುತ್ತಾರೆ, ಇಳಿದು ತಳ್ಳುವುದು, ಮುಂದೆ ಪೂವಪ್ಪಣ್ಣ ತನ್ನ ಗಾಡಿಯ ಹಿಂದೆ ನಿಂತು ಎರಡೂ ಅಂಗೈ ಡಿಕ್ಕಿಗೆ ಒತ್ತಿ ತಳ್ಳುತ್ತಿದ್ದಾನೆ, ನಾನೂ ಇಳಿದೆ, ಪೆಟ್ರೋಲೇ ಇಲ್ಲದ ಗಾಡಿಯನ್ನು ಪೆಟ್ರೋಲ್ ಉಳಿಸಲು ತಳ್ಳುವವನು ನಾನೊಬ್ಬನೇ, ಏನು ಮಾಡುವುದು, ಮೈಗೆ ಹತ್ತಿದ ಅಭ್ಯಾಸ, ಬಾಗಿಲಿಗೆ ಭುಜ ಕೊಟ್ಟು ಒಂದು ಕೈ ಕಿಟಕಿಯೊಳಗೆ ಸ್ಟೀರಿಂಗಿಗೆ ಹಾಕಿದೆ, ಮೊಣಕೈಗೆ ಏನೋ ತಾಗಿ ಸರಿಯಿತು, ಇರಲಿ, ತಳ್ಳಿದೆ — ಎಷ್ಟು ಹಗುರ ಇವತ್ತು, ಇಷ್ಟು ಬ್ಯಾಟರಿ ಹೊತ್ತ ಗಾಡಿ, ಭುಜಕ್ಕೆ ಭಾರವೇ ಇಲ್ಲ, ಹಿಂದೆ ಯಾರೋ ನನ್ನ ಜೊತೆ ತಳ್ಳುತ್ತಿದ್ದಾರೆ, ತಿರುಗಿ ನೋಡಿದೆ, ಯಾರೂ ಇಲ್ಲ, ಬರೀ ಬಿಸಿಲು, ಗಾಡಿ ಹೋಗುತ್ತಿದೆ, ನಾನು ತಳ್ಳುತ್ತಿಲ್ಲ, ಭುಜ ತೆಗೆದೆ, ಆದರೂ ಹೋಗುತ್ತಿದೆ, ಅದೇ ನನ್ನನ್ನು ಎಳೆದುಕೊಂಡು ಹೋಗುತ್ತಿದೆ, ಹಿಡಿಕೆ, ತಾಗಿದ್ದು ಹಿಡಿಕೆ, ಸರಿದದ್ದು ಹಿಡಿಕೆ, ಕೈ ಮಾತ್ರ ಹೋಗುತ್ತಿರುವುದು ಹಳೆಯ ಕೀಲಿಯ ಜಾಗಕ್ಕೆ, ಅಲ್ಲಿ ಕೀಲಿಯಿಲ್ಲ, ತಗಡು ಹೊಡೆದಿದ್ದಾರೆ, ಬೆರಳುಗಳು ಇಲ್ಲದ ಕೀಲಿಯನ್ನು ತಿರುಗಿಸುತ್ತಿವೆ, ಮತ್ತೆ ತಿರುಗಿಸುತ್ತಿವೆ, ಪೂವಪ್ಪಣ್ಣ ಅನ್ನಬೇಕು, ಬಾಯಿ ತೆರೆದಿದೆ, ಮುಂದೆ ಖಾಕಿ ಬೆನ್ನು, ಬೆವರಿಗೆ ಅಂಟಿದ ಅಂಗಿ, ಬಾಗಿದ ಬೆನ್ನು, ನನ್ನ ಗಾಡಿಯ ಬಂಪರಿಗೂ ಅವನ ಮೊಣಕಾಲಿಗೂ ನಡುವೆ ಒಂದು ಮೊಳ, ಅವನು ಡಿಕ್ಕಿಗೆ ಇನ್ನಷ್ಟು ಬಾಗುತ್ತಾನೆ, ಒಂದು ಗೇಣು, ಬೆನ್ನು ತಿರುಗುವುದಿಲ್ಲ, ಯಾಕೆ ತಿರುಗಬೇಕು, ಅವನಿಗೆ ಏನೂ ಕೇಳುತ್ತಿಲ್ಲ, ಬೆನ್ನು, ಖಾಕಿ ಬೆನ್ನು, ಬೆನ್ನು