ಮೀನಿನ ಹೋಟೆಲಿನ ಒಲೆ

ಒಲೆಯ ತಳ ಕಳಚಿ ಬಿದ್ದದ್ದು ಒಂದು ಮಂಗಳವಾರ ಸಂಜೆ, ಅನ್ನ ಅರ್ಧ ಬೆಂದಿದ್ದಾಗ. ಕೆಂಡವೆಲ್ಲ ಸುರಿದು, ಸಗಣಿ ಸಾರಿಸಿದ ನೆಲ ಕಪ್ಪಗಾಯಿತು. ಅನಂತಮತಿ ಪಾತ್ರೆಯನ್ನು ಇಳಿಸಿ, ಕೆಂಡಕ್ಕೆ ನೀರು ಚಿಮುಕಿಸಿ, ಗೋಡೆಗೆ ಒರಗಿ ಕೂತಳು. ತಪ್ಪು ತನ್ನದೇ ಇರಬೇಕು ಎಂಬುದು ಅವಳಿಗೆ ಮೊದಲು ಬಂದ ಯೋಚನೆ. ದಿನವೂ ಸರಿಯಾಗಿ ಬೂದಿ ತೆಗೆದಿದ್ದೆನೇ? ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಇಟ್ಟದ್ದರಿಂದ ತುಕ್ಕು ಹಿಡಿಯಿತೇ? ಏನೇ ಮುರಿಯಲಿ, ಯಾರೇ ಸಿಟ್ಟಾಗಲಿ, ವಿಚಾರಣೆಯನ್ನು ತನ್ನಿಂದಲೇ ಶುರು ಮಾಡುವ ಹೆಂಗಸು ಅವಳು.

ಮೂಡಬಿದ್ರೆಯ ಹುಡುಗಿಯರ ಶಾಲೆಯಲ್ಲಿ ಅವಳು ಹೊಲಿಗೆ ಟೀಚರು. ಊರು ಬೆಳುವಾಯಿ. ಶಾಲೆ ಬಿಡುವುದು ನಾಲ್ಕೂವರೆಗೆ, ಬೆಳುವಾಯಿಗೆ ಬಸ್ಸು ಆರೂವರೆಗೆ. ಮನೆ ಮುಟ್ಟುವಾಗ ದೀಪ ಹಚ್ಚಿರುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅದು. ಹಾಗಾಗಿ ಮೊದಲ ವರ್ಷವೆಲ್ಲ ಅವಳು ರಾತ್ರಿ ಬರಿಹೊಟ್ಟೆಯಲ್ಲೇ ಮಲಗಿದ್ದಳು. ಅಳಿಯಕಟ್ಟಿನ ಮನೆಯಲ್ಲಿ ಸೋದರಮಾವನೇ ಯಜಮಾನ. ಮಾಮ ಭರತರಾಜರು ಬಹಳ ಯೋಚಿಸಿ, ಅವಳು ಮೂಡಬಿದ್ರೆಯಲ್ಲೇ ಕೋಣೆ ಹಿಡಿಯಲು ಒಪ್ಪಿದ್ದರು. ಒಪ್ಪುವಾಗ ಒಂದು ಕರಾರು ಹಾಕಿದ್ದರು. "ಹಗಲು ಇರುವಾಗಲೇ ನಿನ್ನ ಒಲೆಯಲ್ಲಿ ಬೆಂದ ಬಿಸಿ ಊಟ ಉಣ್ಣಬೇಕು. ಅದು ಆಗುವುದಿಲ್ಲ ಅಂತ ಗೊತ್ತಾದ ದಿನ ಗಾಡಿ ಕಳಿಸ್ತೇನೆ. ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡು. ಶಾಲೆ ಸಾಕು."

ಐದು ವರ್ಷದಿಂದ ಆ ಕರಾರನ್ನು ಹೊತ್ತು ನಿಂತದ್ದು ಈ ಸಣ್ಣ ಇದ್ದಿಲಿನ ಒಲೆ.

ಕಟ್ಟಿಗೆಯ ಒಲೆ ಹಾಕುವಂತಿರಲಿಲ್ಲ. ಕೋಣೆಯ ಮೇಲಿನ ಅಟ್ಟದಲ್ಲಿ ಮನೆಯೊಡತಿ ಸೇಸಮ್ಮ ತನ್ನ ದನಕ್ಕೆ ಬೈಹುಲ್ಲು ಪೇರಿಸಿದ್ದಳು. ಹೊಸ ಇದ್ದಿಲಿನ ಒಲೆ ಬೇಕೆಂದರೆ ಮಂಗಳೂರಿನಿಂದ ಬರಬೇಕು, ತಿಂಗಳಾದರೂ ಹಿಡಿಯುತ್ತದೆ ಎಂದ ಪೇಟೆಯ ಅಂಗಡಿಯವನು. ಅನಂತಮತಿ ಒಡೆದ ಒಲೆಯನ್ನೇ ಮೂರು ಇಟ್ಟಿಗೆಯ ಮೇಲೆ ಕೂರಿಸಿ, ತಳಕ್ಕೆ ಎಣ್ಣೆ ಡಬ್ಬದ ತಗಡು ಸಿಕ್ಕಿಸಿ ನೋಡಿದಳು. ಒಂದು ಪಾತ್ರೆ ಅನ್ನಕ್ಕೆ ಎರಡೂವರೆ ಗಂಟೆ ಬೇಕಾಯಿತು. ಬೆಳಗ್ಗೆ ಹೇಗೋ ನಡೆಯಿತು. ಸಂಜೆ ಅನ್ನ ಕುದಿಯುವ ಮೊದಲೇ ಸೂರ್ಯ ಮುಳುಗಿಬಿಡುತ್ತಿದ್ದ. ಅದು ಅರುವತ್ತೊಂದನೆಯ ಇಸವಿಯ ಡಿಸೆಂಬರ್, ಹಗಲು ಗಿಡ್ಡ. ಬೆಳಗಿನ ಅನ್ನವನ್ನು ಸಂಜೆ ಉಣ್ಣುವ ರೂಢಿ ಅವಳ ಮನೆಯಲ್ಲಿರಲಿಲ್ಲ. ಬಾಳೆಹಣ್ಣು, ನೆನೆಸಿದ ಅವಲಕ್ಕಿಯಲ್ಲಿ ಒಂದು ವಾರ ದೂಡಿದಳು. ಎಂಟನೆಯ ದಿನ ತರಗತಿಯಲ್ಲಿ ಗುಂಡಿ ಹೊಲಿಯಲು ಕಲಿಸುತ್ತಿದ್ದಾಗ ಕಣ್ಣು ಕತ್ತಲೆ ಬಂದು ಬೆಂಚು ಹಿಡಿದುಕೊಂಡಳು. ಹುಡುಗಿಯರು ನೋಡಿಯೇ ಬಿಟ್ಟರು. ಅವರಲ್ಲಿ ಇಬ್ಬರು ಬೆಳುವಾಯಿಯವರು.

ಭಾನುವಾರ ಬೆಳಗ್ಗೆ ಅವಳು ಒಡೆದ ಒಲೆಯನ್ನು ಗೋಣಿಯಲ್ಲಿ ಸುತ್ತಿ ಬಂಟ್ವಾಳದ ಬಸ್ಸು ಹತ್ತಿದಳು. ಬಂಟ್ವಾಳದಲ್ಲಿ ಹೊಳೆಗೆ ಇಳಿಯುವ ದಾರಿಯಲ್ಲಿ ಇದಿನಬ್ಬ ಎಂಬ ಬ್ಯಾರಿ ಮುಸ್ಲಿಮರೊಬ್ಬರು ಹಳೆಯ ಒಲೆಗಳನ್ನು ಕೊಂಡು, ಬಿಚ್ಚಿ, ಹೊಸತು ಮಾಡಿ ಕೊಡುತ್ತಾರೆಂದು ಡ್ರಿಲ್ ಟೀಚರು ಹೇಳಿದ್ದರು.

ಇದಿನಬ್ಬರು ಅವಳ ಒಲೆಯನ್ನು ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿದರು. "ಇದಕ್ಕೆ ಜೀವ ಇಲ್ಲ ಟೀಚರಮ್ಮ. ಹಿಡಿ ಮಾತ್ರ ಗಟ್ಟಿ ಉಂಟು." ಮೂಲೆಯಿಂದ ಇನ್ನೊಂದು ಒಲೆ ತಂದಿಟ್ಟರು. ದಪ್ಪ ತಗಡು, ಹೊಸ ಸರಳುಗಳ ಜಾಲರಿ, ಗಾಳಿಗೆ ತೆರೆದು ಮುಚ್ಚುವ ಕೆಳಬಾಗಿಲು, ಒಳಗೆ ಮೆತ್ತಿದ, ಹಸಿ ಆರದ ಕೆಂಪು ಮಣ್ಣು. "ಇದಕ್ಕೆ ನಿಮ್ಮ ಹಿಡಿ ಹಾಕಿ ಕೊಡ್ತೇನೆ. ಬೇರೆ ಎಲ್ಲ ಹೊಸತರ ಹಾಗೆಯೇ."

"ಮೊದಲು ಇದು ಎಲ್ಲಿತ್ತು ಬ್ಯಾರಿಗಳೇ?" ಕೇಳಬಾರದಿತ್ತೇನೋ ಎಂದು ಅವಳಿಗೆ ಕೇಳಿದ ಮೇಲೆ ಅನಿಸಿತು.

ಇದಿನಬ್ಬರು ಅವಳ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು. "ಪಾಣೆಮಂಗಳೂರಿನ ಒಂದು ಹೋಟೆಲಿನಲ್ಲಿ. ಮೀನು ಬೇಯಿಸುತ್ತಿದ್ದರು. ಆದರೆ ತಗಡನ್ನು ನಾನು ಕುಲುಮೆಯಲ್ಲಿ ಕೆಂಪಾಗುವವರೆಗೆ ಕಾಯಿಸಿದ್ದೇನೆ. ಮೀನಲ್ಲ, ತಿಮಿಂಗಿಲ ಇದ್ದರೂ ಉಳಿಯುವುದಿಲ್ಲ."

ಅವಳು ಒಲೆಯನ್ನು ಕೊಂಡಳು. ಬಸ್ಸಿನ ಮೇಲೆ ಏರಿಸುವಾಗ ಇದಿನಬ್ಬರು ಎರಡು ಸಲ ಹೇಳಿದರು: "ಎರಡು ದಿನ ಸಣ್ಣ ಬೆಂಕಿ ಹಾಕಿ ಒಣಗಿಸಿ. ನೀರು ಮಾತ್ರ ಮುಟ್ಟಿಸಬೇಡಿ."

ಸೇಸಮ್ಮ ಜಗಲಿಯಲ್ಲೇ ಕಾದು ಕೂತಿದ್ದಳು. ಅವಳೂ ಜೈನಳು. ಆ ತಿಂಗಳು ಮಧ್ಯಾಹ್ನ ಒಂದೇ ಹೊತ್ತು ಉಣ್ಣುವ ವ್ರತ ಹಿಡಿದಿದ್ದಳು. ಸಂಜೆ ಒಲೆಯ ಕೆಲಸವಿಲ್ಲದ್ದರಿಂದ ಲೋಕದ ಕೆಲಸವೆಲ್ಲ ಅವಳದೇ.

"ಎಲ್ಲಿಂದ ಮಗಾ ಇದು?"

"ಬಂಟ್ವಾಳದಿಂದ ಸೇಸಕ್ಕ. ಹಳೆಯದನ್ನು ರಿಪೇರಿ ಮಾಡಿದ್ದು."

"ಯಾರ ಮನೆಯ ಹಳತು?"

ಅನಂತಮತಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಹೋಟೆಲಿನದ್ದು."

"ಮೀನಿನ ಹೋಟೆಲಾ?"

ಅವಳು ಹೌದೆಂದು ತಲೆಯಾಡಿಸಿದಳು. ಸೇಸಮ್ಮ ಸೀರೆಯ ಸೆರಗನ್ನು ಮೂಗಿಗೆ ಹಿಡಿದಳು. "ಅಯ್ಯೋ ದೇವರೇ! ತೊಳೆ. ಏಳು ಕೊಡ ನೀರು ಹಾಕಿ ತೊಳೆ. ತೊಳೆಯದೆ ಹೊಸಿಲು ದಾಟಿಸಬೇಡ."

ನೀರು ಮುಟ್ಟಿಸಬೇಡಿ ಎಂದವರು ಇಪ್ಪತ್ತು ಮೈಲು ದೂರದಲ್ಲಿದ್ದರು, ತೊಳೆ ಎನ್ನುವವಳು ಎದುರಲ್ಲೇ ನಿಂತಿದ್ದಳು. ಅನಂತಮತಿ ಬಾವಿಯಿಂದ ಸೇದಿ ಸೇದಿ ಸುರಿದಳು. ಮೂರನೆಯ ಕೊಡಕ್ಕೆ ಮಣ್ಣು ಮೆತ್ತಗಾಯಿತು. ಐದನೆಯದಕ್ಕೆ ಒಂದು ಬದಿ ಜಾರಿತು. ಅಷ್ಟು ಕಂಡ ಮೇಲೂ ಅವಳು ನಿಲ್ಲಿಸಲಿಲ್ಲ. ಏಳು ಎಂದ ಮೇಲೆ ಏಳು. ಏಳನೆಯ ಕೊಡ ಮುಗಿದಾಗ ಬಾವಿಕಟ್ಟೆಯಲ್ಲಿ ಕೆಂಪು ರಾಡಿ ಹರಿಯುತ್ತಿತ್ತು. ಒಲೆಯಲ್ಲಿ ತಗಡು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಈಗ ಶುದ್ಧವಾಯಿತು," ಎಂದಳು ಸೇಸಮ್ಮ.

ಮಾರನೆಯ ದಿನ ಮಾಮನ ಕಾರ್ಡು ಬಂತು. ಅಕ್ಷರ ಎಂದಿನಂತೆ ದುಂಡಗೆ, ಮಾತು ಎಂದಿನಂತೆ ಚುಟುಕು. "ನೀನು ಶಾಲೆಯಲ್ಲಿ ತಲೆ ತಿರುಗಿ ಬಿದ್ದೆ ಎಂದು ತಿಳಿಯಿತು. ಶುಕ್ರವಾರ ಸಂಜೆ ಬರುತ್ತೇನೆ. ಹೊತ್ತಿಗೆ ಊಟ ಆಗದಿದ್ದರೆ ಶನಿವಾರ ಗಾಡಿ ಬರುತ್ತದೆ."

ಬಿದ್ದಿರಲಿಲ್ಲ, ಬೆಂಚು ಹಿಡಿದುಕೊಂಡಿದ್ದೆ ಅಷ್ಟೇ. ಅವಳು ಕಾರ್ಡನ್ನು ನಾಲ್ಕು ಸಲ ಓದಿದಳು. ಮೊದಲ ಮೂರು ಸಲ ಅಳು ಬಂತು. ನಾಲ್ಕನೆಯ ಸಲ ಏನೋ ಬೇರೆ ಬಂತು. ಅದಕ್ಕೆ ಏನು ಹೆಸರೆಂದು ಅವಳಿಗೆ ಗೊತ್ತಾಗಲಿಲ್ಲ, ಆದರೆ ಅದು ಬಂದ ಮೇಲೆ ಬೆನ್ನು ನೆಟ್ಟಗಾಯಿತು. ಐದು ವರ್ಷದಲ್ಲಿ ಒಂದು ದಿನವೂ ರಜೆ ಕೇಳದವಳು ಹೆಡ್ ಮಿಸ್ಟ್ರೆಸ್ಸರ ಮೇಜಿನ ಮೇಲೆ ರಜೆ ಅರ್ಜಿ ಇಟ್ಟು, ಮಂಗಳವಾರ ಬೆಳಗ್ಗೆ ಮತ್ತೆ ಬಂಟ್ವಾಳದಲ್ಲಿ ಇಳಿದಳು.

"ಮೀನು ಹೋಯ್ತಾ ಟೀಚರಮ್ಮ?" ಇದಿನಬ್ಬರು ಖಾಲಿ ತಗಡಿನೊಳಗೆ ಇಣುಕಿ ಕೇಳಿದರು.

"ಮಣ್ಣು ಹೋಯಿತು."

"ಎಷ್ಟು ಕೊಡ?"

"ಏಳು."

ಅವರು ತೊಡೆ ತಟ್ಟಿ ನಕ್ಕರು. ಒಳಬಾಗಿಲಿನಲ್ಲಿ ನಿಂತಿದ್ದ ಅವರ ಹೆಂಡತಿ ಖತೀಜಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡರು. ಬೇರೆ ದಿನವಾಗಿದ್ದರೆ ಅನಂತಮತಿ ನಾಚಿ ಕುಗ್ಗಿಹೋಗುತ್ತಿದ್ದಳು. ಇಂದು ಅವಳಿಗೂ ನಗು ಬಂತು.

"ಶುಕ್ರವಾರಕ್ಕೆ ಬೇಕು ಬ್ಯಾರಿಗಳೇ. ಬೇಗ ಮೆತ್ತಿ ಕೊಡಿ."

"ನಾನು ಮೆತ್ತುವುದಿಲ್ಲ."

"ಯಾಕೆ?"

"ನಾನು ಮೆತ್ತಿದರೆ ನೀವು ಪುನಃ ತೊಳೀತೀರಿ. ನೀವೇ ಮೆತ್ತಿ. ತನ್ನ ಕೈಯಲ್ಲಿ ಮೆತ್ತಿದ್ದಕ್ಕೆ ಯಾರೂ ನೀರು ಸುರಿಯುವುದಿಲ್ಲ ಮಾರಾಯ್ತಿ."

ಹಂಚಿನ ಕಾರ್ಖಾನೆಯ ಮಣ್ಣು, ಅದಕ್ಕೆ ಉಮಿ, ಕತ್ತರಿಸಿದ ತೆಂಗಿನ ನಾರು. ಇದಿನಬ್ಬರು ಮಣೆಯ ಮೇಲೆ ಕೂತು ಹೇಳಿದರು, ಅವಳು ಸೆರಗು ಬಿಗಿದು ಕಲಸಿದಳು. ಬಟ್ಟೆಯ ಅಂಚನ್ನು ಕೂದಲೆಳೆ ತಪ್ಪದೆ ಮಡಚುವ ಕೈ ಅದು. ಮೊದಲ ಸುತ್ತಿನಲ್ಲಿ ಮಣ್ಣು ದಪ್ಪವಾಯಿತು. ಇದಿನಬ್ಬರು ಹೇಳುವ ಮೊದಲೇ ಅವಳು ಕಿತ್ತು ತೆಗೆದಳು. ಎರಡನೆಯದು ನಿಂತಿತು. "ಟೀಚರಮ್ಮನನ್ನು ಶಾಲೆಯಿಂದ ತೆಗೆದರೆ ಇಲ್ಲಿಗೆ ಬನ್ನಿ," ಎಂದರು ಇದಿನಬ್ಬರು. ಖತೀಜಮ್ಮ ಎಳನೀರು ಕೊಚ್ಚಿ ತಂದರು. "ನಮ್ಮ ಲೋಟ ಮುಟ್ಟದ್ದು ಅಂತ ನೀವು ಕುಡಿಯುವುದು ಇದೊಂದೇ ಅಲ್ವಾ?" ಮಾತಿನಲ್ಲಿ ಸಣ್ಣ ಚುಚ್ಚು ಇತ್ತು. ಅನಂತಮತಿ ಎಳನೀರು ಪಕ್ಕಕ್ಕಿಟ್ಟು, "ಲೋಟ ಇದ್ದರೆ ಕೊಡಿ, ಎತ್ತಿ ಕುಡಿಯಲು ಸುಲಭ," ಎಂದಳು. ತಾನೇ ಆ ಮಾತು ಆಡಿದೆನೇ ಎಂದು ಅವಳಿಗೆ ಆಶ್ಚರ್ಯವಾಯಿತು. ಲೋಟ ಬಂತು. ಕುಡಿದಳು.

ಬುಧವಾರ, ಗುರುವಾರ ಬೆಳಗ್ಗೆ ಸಂಜೆ ತೆಂಗಿನ ಗೆರಟೆಯ ಚೂರು ಹಾಕಿ ಸಣ್ಣ ಬೆಂಕಿ ಕೊಟ್ಟಳು. ಶುಕ್ರವಾರ ಬೆಳಗ್ಗೆ ಮಣ್ಣನ್ನು ತಟ್ಟಿ ನೋಡಿದರೆ ಹಂಚಿನ ಹಾಗೆ ಟಣ್ ಎಂದಿತು. "ತೊಳೆಯಲಿಲ್ಲವಾ ಈ ಸಲ?" ಎಂದು ಸೇಸಮ್ಮ ಕೇಳಿದಾಗ, "ಇಲ್ಲ ಸೇಸಕ್ಕ, ತೊಳೆಯುವುದೂ ಇಲ್ಲ," ಎಂದಳು.

ಶಾಲೆ ಬಿಟ್ಟು ಬಂದಾಗ ಮಾಮ ಜಗಲಿಯಲ್ಲಿ ಕೂತಿದ್ದರು. ಬಿಳಿ ಕೋಟು, ಕೊಡೆ, ಬೆರಳಲ್ಲಿ ಅಗಲವಾದ ಉಂಗುರ. ಕಾಲು ಮುಟ್ಟಿ ಎದ್ದವಳ ಮುಖವನ್ನು ಅವರು ಒಂದು ಗಳಿಗೆ ನೋಡಿದರು. "ತೆಳ್ಳಗಾಗಿದ್ದೀಯ," ಎಂದರು. ಆಮೇಲೆ ಸ್ವರ ಗಟ್ಟಿ ಮಾಡಿಕೊಂಡರು. "ಮೀನಿನ ಒಲೆ ತಂದಿದ್ದೀಯಂತೆ?"

ಸೇಸಮ್ಮ ಕಂಬದ ಆಚೆ ಹೂವು ಕಟ್ಟುತ್ತಿದ್ದಳು, ತನಗೆ ಕಿವಿಯೇ ಇಲ್ಲವೆಂಬಂತೆ.

"ಹೌದು ಮಾಮ. ಒಳಗೆ ಬನ್ನಿ, ತೋರಿಸ್ತೇನೆ."

ಇದ್ದಿಲು ತುಂಬಿ, ಗೆರಟೆಗೆ ಬೆಂಕಿ ತಾಗಿಸಿ, ಕೆಳಬಾಗಿಲು ತೆರೆದಳು. ಅಡಿಕೆ ಹಾಳೆಯ ಬೀಸಣಿಗೆಯನ್ನು ನಾಲ್ಕು ಸಲ ಬೀಸಿದ್ದಷ್ಟೆ, ಇದ್ದಿಲು ಚಟಚಟ ಎಂದು ಹತ್ತಿಕೊಂಡಿತು. ಅವಳು ಕುಚ್ಚಲಕ್ಕಿಯ ಡಬ್ಬ ತೆಗೆದಾಗ ಮಾಮ ತಡೆಯಲಾರದೆ ಹೇಳಿದರು: "ಬೆಳ್ತಿಗೆ ಅಕ್ಕಿ ಹಾಕು, ಬೇಗ ಬೇಯ್ತದೆ. ಕುಚ್ಚಲಕ್ಕಿ ಹೊತ್ತಿಗೆ ಬೇಯುವುದಿಲ್ಲ."

"ಮನೆಯಲ್ಲಿ ನೀವು ಉಣ್ಣುವುದು ಕುಚ್ಚಲಕ್ಕಿಯೇ ಅಲ್ವಾ ಮಾಮ? ಇಬ್ಬರಿಗೆ ಹಾಕ್ತೇನೆ."

"ನನಗೆ ಯಾಕೆ?"

"ಬಸ್ಸು ಆರೂವರೆಗೆ. ಮನೆ ಮುಟ್ಟುವಾಗ ಕತ್ತಲೆ. ಸೇಸಕ್ಕನ ಒಲೆ ಮಧ್ಯಾಹ್ನವೇ ಆರಿದೆ. ನೀವು ಉಣ್ಣುವುದಾದರೆ ಇಲ್ಲಿ, ಇಲ್ಲದಿದ್ದರೆ ಉಪವಾಸ."

ಮಾಮ ಬಾಗಿಲಿನಿಂದ ಆಕಾಶ ನೋಡಿದರು. ಬರುವಾಗ ಈ ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ. ಐದು ವರ್ಷ ಬೇರೆಯವರ ಹೊತ್ತನ್ನು ಕಾಯುತ್ತಾ ಅವರು ತಮ್ಮದನ್ನು ಮರೆತಿದ್ದರು.

ಎಸರು ಕುದಿಯಿತು. ಅವಳು ಕಾಯಿ ತುರಿದು ಚಟ್ನಿ ಅರೆದಳು. ಅಕ್ಕಿ ಅರಳುವ ವಾಸನೆ ಕೋಣೆ ತುಂಬಿತು.

"ಅನಂತಾ, ಒಳ್ಳೆಯ ಮನೆಯಲ್ಲಿ ಹುಟ್ಟಿದವಳು ನೀನು. ಇಂಥ ಒಲೆಯಲ್ಲಿ ಬೇಯಿಸಿ ಉಣ್ಣಲು ಮನಸ್ಸು ಹೇಗೆ ಬಂತು?"

"ತಗಡನ್ನು ಬೆಂಕಿಯಲ್ಲಿ ಕಾಯಿಸಿದ್ದಾರೆ ಮಾಮ. ಮಣ್ಣು ನಾನೇ ಮೆತ್ತಿದ್ದು." ಅವಳು ಅವರ ಬೆರಳಿನತ್ತ ನೋಡಿದಳು. "ನಿಮ್ಮ ಉಂಗುರ ಮಾಡಿಸಿದ್ದು ಹಳೆಯ ಚಿನ್ನ ಕರಗಿಸಿ. ಆ ಚಿನ್ನ ಮೊದಲು ಯಾರ ಮೈಮೇಲಿತ್ತು, ಅವರು ಏನು ತಿನ್ನುತ್ತಿದ್ದರು, ನೀವು ಕೇಳಿದ್ದೀರಾ? ಬೆಂಕಿ ಚಿನ್ನಕ್ಕೆ ಆಗ್ತದೆ, ಕಬ್ಬಿಣಕ್ಕೆ ಆಗುವುದಿಲ್ಲವಾ?"

"ಬಾಯಿ ಬೆಳೆದಿದೆ ನಿನಗೆ."

"ಹಸಿದುಕೊಂಡಿದ್ದಾಗ ಬೆಳೆಯಿತು ಮಾಮ."

ಗಂಜಿ ಇಳಿಸಿದಾಗ ಸೂರ್ಯ ಇನ್ನೂ ಹಿತ್ತಿಲ ತೆಂಗಿನ ಮರದ ತಲೆಯ ಮೇಲಿದ್ದ. ಮಣೆ ಹಾಕಿ, ಮಾಮನಿಗೆ ಬಟ್ಟಲಿನಲ್ಲಿ ಬಡಿಸಿ, ಚಟ್ನಿ ಇಟ್ಟಳು. ಅವರು ಮುಟ್ಟಲಿಲ್ಲ. ಯಜಮಾನ ಉಣ್ಣದೆ ಮನೆಯ ಹೆಣ್ಣು ಉಣ್ಣುವುದನ್ನು ಬೆಳುವಾಯಿಯ ಆ ಮನೆ ಕಂಡಿರಲಿಲ್ಲ. ಮಾಮ ಬಟ್ಟಲು ನೋಡುತ್ತಾ ಕೂತರು. ಅವಳು ಸೂರ್ಯನನ್ನು ನೋಡಿದಳು. ಅವರು ಹೀಗೆ ಕೂತೇ ಹೊತ್ತು ಕಳೆದರೆ ಕರಾರು ಮುರಿಯುವುದು ಅವಳ ಕಡೆಯಿಂದ.

ಅವಳು ತನ್ನ ಬಟ್ಟಲು ತೆಗೆದುಕೊಂಡು ಅವರ ಎದುರಿಗೇ, ಮುಖ ತಿರುಗಿಸದೆ, ಕೂತಳು. ಮೊದಲ ತುತ್ತು ಬಾಯಿಗಿಟ್ಟಳು. ನುಂಗಿದಳು. ಬಟ್ಟಲು ಖಾಲಿಯಾಗುವವರೆಗೆ ಉಂಡಳು, ಮತ್ತೆ ಬಡಿಸಿಕೊಂಡಳು, ಅದನ್ನೂ ಉಂಡಳು. ಕೈ ತೊಳೆದು ಬಂದು ಬಾಗಿಲಿಗೆ ಬೆರಳು ತೋರಿಸಿದಳು.

"ಊಟ ಆಯಿತು ಮಾಮ. ಸೂರ್ಯ ಉಂಟು."

ಭರತರಾಜರು ನಿಧಾನವಾಗಿ ಎದ್ದು ಕೊಡೆ ತೆಗೆದುಕೊಂಡರು. "ನಾನು ಹೇಳಿದ ಮಾತು ಮಾತೇ. ಹೊತ್ತಿಗೆ ಬೆಂದಿದೆ, ಉಂಡಿದ್ದೀಯ. ಗಾಡಿ ಬರುವುದಿಲ್ಲ." ಹೊಸಿಲು ದಾಟಿ ತಿರುಗಿದರು. "ಆದರೆ ಈ ಒಲೆಯದ್ದನ್ನು ನಾನು ಉಣ್ಣುವುದಿಲ್ಲ."

"ಉಣ್ಣಬೇಡಿ," ಎಂದಳು ಅನಂತಮತಿ. "ಬೇಕಾದ ದಿನ ಐದು ಗಂಟೆಯೊಳಗೆ ಬನ್ನಿ."

ಅವರು ಬೀದಿಯ ತಿರುವು ದಾಟುವವರೆಗೆ ಅವಳು ಜಗಲಿಯಲ್ಲೇ ನಿಂತಿದ್ದಳು. ಕಂಬದ ಆಚೆಯಿಂದ ಸೇಸಮ್ಮ ಕೊನೆಗೂ ಕೇಳಿದಳು: "ಮಾಮನ ಬಟ್ಟಲಿನದ್ದು ಏನು ಮಾಡ್ತೀ ಮಗಾ?"

ಅನಂತಮತಿ ಒಳಗೆ ಹೋಗಿ ಮಾಮ ಮುಟ್ಟದ ಗಂಜಿಯನ್ನು ತಂದು, ಅಂಗಳ ದಾಟಿ ಸೇಸಮ್ಮನ ಹಟ್ಟಿಗೆ ನಡೆದಳು. ದನದ ಬಾನಿಗೆ ಒಂದು ಅಗುಳೂ ಉಳಿಯದಂತೆ ಸುರಿದಳು. ದನ ಮೂಗು ಅದ್ದಿ ಸೊರಸೊರ ಕುಡಿಯತೊಡಗಿತು.

"ಏ, ಏ, ನನ್ನ ದನಕ್ಕೆ..." ಸೇಸಮ್ಮ ಹೂವಿನ ಬುಟ್ಟಿ ಬಿಟ್ಟು ಎದ್ದಳು.

"ನಾಳೆ ಹಾಲು ಕರೆದು ನೋಡಿ ಸೇಸಕ್ಕ," ಎಂದಳು ಅನಂತಮತಿ. "ಮೀನಿನ ವಾಸನೆ ಬಂದರೆ ನನಗೆ ಹೇಳಿ. ನಾನೇ ಏಳು ಕೊಡ ನೀರು ಹಾಕಿ ದನವನ್ನು ತೊಳೆದುಕೊಡ್ತೇನೆ."