ಮೂರನೆಯ ಹಾಡಿನ ತಾಳ

ಮೂಕಂಡಪಲ್ಲಿಯ ಬಾಡಿಗೆ ಮನೆಯಲ್ಲಿ ಕೂತು ಭೈರೇಶ ಮಾಡಿ ಇಂಟರ್ನೆಟ್ಟಿಗೆ ಹಾಕಿದ ಗಿಟಾರ್ ಆಲ್ಬಮ್ಮನ್ನು ಮೊದಲ ಎರಡು ತಿಂಗಳು ಕೇಳಿದವರು ನಲವತ್ತೊಂದು ಜನ. ಅವರಲ್ಲಿ ಅರ್ಧ ಮಂದಿ ಅವನು ಕೆಲಸ ಮಾಡುವ ಗೇರ್ ಫ್ಯಾಕ್ಟರಿಯವರೇ, ಅದೂ ದಾಕ್ಷಿಣ್ಯಕ್ಕೆ. ತಂತಿಗಳ ನಡುವೆ ಸ್ಪ್ಯಾನರ್ ಸಿಕ್ಕಿಸಿ, ಸೈಕಲ್ ಕಡ್ಡಿಯಿಂದ ಮೀಟಿ, ರಾಗವೂ ಅಲ್ಲದ ಗದ್ದಲವೂ ಅಲ್ಲದ ಏನನ್ನೋ ಹುಟ್ಟಿಸುವವನ ಪಾಡು ಅಷ್ಟೇ. ಆಮೇಲೆ ಬೆಂಗಳೂರಿನ ಸಂಗೀತ ಪತ್ರಿಕೆಯೊಂದರಲ್ಲಿ ಸಿಂಧು ಎಂಬ ವಿಮರ್ಶಕಿ ಅದರ ಬಗ್ಗೆ ಒಂದು ಪುಟ ಬರೆದಳು. ಬೆನ್ನಿಗೇ ಇನ್ನಿಬ್ಬರು ಬರೆದರು. ಕೇಳುವವರು ಸಾವಿರಗಟ್ಟಲೆಯಾದರು.

ಮೂವರೂ ಹೊಗಳಿದ್ದು ಮೂರನೆಯ ಹಾಡನ್ನು, ಅದರಲ್ಲೂ ಗಿಟಾರಿನ ಹಿಂದೆ ಕೇಳುವ ಡಬಡಬ ತಾಳವನ್ನು. 'ಆಲ್ಬಮ್ಮಿನ ಜೀವ ಇರುವುದೇ ಇಲ್ಲಿ' ಎಂದಿದ್ದಳು ಸಿಂಧು. ಅದನ್ನು ಓದಿ ಭೈರೇಶ ಪತ್ರಿಕೆ ಮಡಿಸಿಟ್ಟ. ಆ ತಾಳ ಅವನದಲ್ಲ. ರೆಕಾರ್ಡ್ ಮಾಡುವಾಗ ಅವನ ತಾಯಿ ಇಂದ್ರಮ್ಮ ಅಡುಗೆಮೂಲೆಯಲ್ಲಿ ರಾಗಿಮುದ್ದೆ ತೊಳಸಿದ ಸದ್ದು ಅದು. "ಒಂದು ಗಂಟೆ ಸುಮ್ನಿರಕ್ಕಾಗಲ್ವಾ ನಿಂಗೆ?" ಎಂದು ಅವತ್ತು ಅವಳ ಮೇಲೆ ಹರಿಹಾಯ್ದಿದ್ದ. ಸದ್ದನ್ನು ತೆಗೆಯಲು ನೋಡಿದ. ಬಟ್ಟೆಗೆ ಹತ್ತಿದ ಬಾಳೆಕರೆಯಂತೆ ಅದು ಹೋಗಲೇ ಇಲ್ಲ. ಕೊನೆಗೆ ಹಾಗೇ ಬಿಟ್ಟು, 'ಗಿಟಾರ್, ತಾಳ: ಭೈರೇಶ್' ಎಂದು ಹೆಸರು ಹಾಕಿಕೊಂಡ. ಯಾರು ಕೇಳುತ್ತಾರೆ ಬಿಡು ಎಂದುಕೊಂಡಿದ್ದ.

ಕೇಳಲು ಸಿಂಧುವೇ ಬಂದಳು, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ಸಂದರ್ಶನಕ್ಕೆಂದು.

"ಆ ತಾಳ ಯಾವ ವಾದ್ಯದ್ದು?"

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ಭೈರೇಶ ಹೆಗಲು ಮುಟ್ಟಿ ನೋಡಿಕೊಂಡ. "ವಾದ್ಯ ಅಲ್ಲ ಮೇಡಂ, ಮುದ್ದೆ ಪಾತ್ರೆ. ಅದೊಂದು ನನ್ ಪ್ರಯೋಗ" ಎಂದ.

"ಸ್ವಲ್ಪ ನುಡಿಸಿ ತೋರಿಸ್ತೀರಾ?"

ಈಗ ಹಿಂದೆ ಸರಿಯುವಂತಿರಲಿಲ್ಲ. ಖಾಲಿ ಪಾತ್ರೆ ಎಳೆದುಕೊಂಡು ಮುದ್ದೆಕೋಲು ಆಡಿಸಿದ. ಒಡೆದ ಡಬ್ಬದಂತೆ ಲೊಟಲೊಟ ಎಂದಿತು. ಕೊಳಾಯಿಯಿಂದ ನೀರು ತರುತ್ತಿದ್ದ ಇಂದ್ರಮ್ಮ ಬಿಂದಿಗೆಯನ್ನು ಹೊಸ್ತಿಲಲ್ಲೇ ಇಳಿಸಿದಳು.

"ಬರೀ ಪಾತ್ರೇಲಿ ಕೋಲಾಡಿಸ್ಬ್ಯಾಡ ಕಣ್ಲಾ. ಮನೇಲಿ ಹಿಟ್ಟಿಲ್ದಂಗಾಯ್ತದೆ."

ಕೋಲು ಅವನ ಕೈಯಲ್ಲೇ ನಿಂತಿತು. ಸಿಂಧು ಫೋನಿನಲ್ಲಿ ಮೂರನೆಯ ಹಾಡು ಹಾಕಿ, "ಈ ಸದ್ದು ಬರಬೇಕಿತ್ತಮ್ಮ" ಎಂದಳು.

ಮಗನ ಆಲ್ಬಮ್ಮನ್ನು ಇಂದ್ರಮ್ಮ ಕೇಳಿದ್ದು ಅದೇ ಮೊದಲು. ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣಗಾಯಿತು.

"ಇದು ನಾನು ತೊಳಸಿದ್ದಲ್ವಾ? ಇನ್ನೂ ಹೋಗಿಲ್ವೇನಪ್ಪಾ ಇದು?" ಎಂದವಳು ಸಿಂಧುವಿನ ಕಡೆ ತಿರುಗಿದಳು. "ತಪ್ಪು ನಂದು ಕಣಮ್ಮ, ಅವನ್ನೇನೂ ಅನ್ಬ್ಯಾಡಿ. ಗೊತ್ತಿಲ್ದೆ ಸದ್ದು ಮಾಡ್ಬುಟ್ಟೆ. ಅವತ್ತಿಂದ ಇವನು ಡ್ಯೂಟಿಗೆ ಹೋದ್ಮೇಲೇನೇ ಮುದ್ದೆ ತೊಳಸ್ತಿರೋದು."

ಐದು ತಿಂಗಳಿಂದ ತನ್ನ ತಟ್ಟೆಗೆ ಬೀಳುವ ಮುದ್ದೆ ಏಕೆ ತಣ್ಣಗಿರುತ್ತದೆ ಎಂದು ಭೈರೇಶನಿಗೆ ಈಗ ತಿಳಿಯಿತು. ಅದಕ್ಕೂ ಒಂದೆರಡು ಸಲ ಗೊಣಗಿದ್ದ, ಮಹಾನುಭಾವ. ಕೋಲನ್ನು ಕೆಳಗಿಟ್ಟ.

"ಮೇಡಂ, ತಾಳ ನಂದಲ್ಲ, ನಮ್ಮಮ್ಮಂದು" ಎಂದ. "ನನ್ ಹೆಸರು ಹಾಕ್ಕೊಂಡಿದ್ದು ಕಳ್ಳತನ. ಹಂಗೇ ಬರ್ಕೊಳಿ."

ಸಿಂಧು ಬರೆದುಕೊಳ್ಳಲಿಲ್ಲ. ಪತ್ರಿಕೆ ತೆರೆದು, ಆ ತಾಳದ ಬಗ್ಗೆ ಬರೆದಿದ್ದನ್ನೆಲ್ಲ ಇಂದ್ರಮ್ಮನಿಗೆ ನಿಧಾನವಾಗಿ ಓದಿ ಹೇಳಿದಳು. ಇಂದ್ರಮ್ಮ ಅವಳ ಮಾತನ್ನು ನಂಬಲಿಲ್ಲ. ಪೇಟೆಯವರು ಏನನ್ನಾದರೂ ಹೊಗಳುತ್ತಾರೆ. ಅವಳು ಮಗನನ್ನೇ ಕೇಳಿದಳು:

"ನಿನ್ ಹಾಡು ಕೆಟ್ಟಿಲ್ವೇನ್ಲಾ?"

"ಕೆಟ್ಟಿಲ್ಲಮ್ಮ. ನೀನಿಲ್ದಿದ್ರೆ ಆ ಹಾಡೇ ಇಲ್ಲ."

ಇಂದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಉಣ್ಣೋ ಹೊತ್ತಾಯ್ತು, ಈಯಮ್ಮನೂ ಉಂಡ್ಕೊಂಡು ಹೋಗ್ಲಿ" ಎಂದು ಎಸರಿಟ್ಟಳು. ನೀರು ಕುದಿಯುವಷ್ಟರಲ್ಲಿ ಭೈರೇಶ ಫೋನಿನಲ್ಲಿ ಆಲ್ಬಮ್ಮಿನ ಪುಟ ತೆರೆದು, ತಾಳದ ಮುಂದಿದ್ದ ತನ್ನ ಹೆಸರು ಅಳಿಸಿ 'ತಾಳ: ಇಂದ್ರಮ್ಮ' ಎಂದು ಬರೆದ. ಹಿಟ್ಟು ಬೆಂದಿತು. ಅವಳು ಪಾತ್ರೆ ಇಳಿಸಿ, ಕಾಲಲ್ಲಿ ಒತ್ತಿ ಹಿಡಿದು, ಕೋಲು ಕೈಗೆತ್ತಿಕೊಂಡಳು. ತೊಳಸುವ ಮೊದಲು ಅಪ್ಪಣೆ ಕೇಳುವವಳಂತೆ ಒಮ್ಮೆ ಮಗನ ಮುಖ ನೋಡಿದಳು.

"ಜೋರಾಗಿ ತೊಳಸಮ್ಮ" ಎಂದ ಭೈರೇಶ.