ಹುಡುಕಾಟದಿಂದ ಹೊರಗಿಟ್ಟ ಪದ

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನಿಗೆ ಎಲ್ಲರೂ ಇಟ್ಟ ಹೆಸರು ಮೈಕು. ಅವನ ಗಂಟಲಿಗೆ ಯಾವ ಯಂತ್ರದ ಹಂಗೂ ಇರಲಿಲ್ಲ. ಅಂಥವನ ಗಂಟಲು ಕಟ್ಟಿ ತಿಂಗಳಾದರೂ ಬಿಡಲಿಲ್ಲ. ಆಸ್ಪತ್ರೆ ಎಂದರೆ ಅವನಿಗೆ ಆಗಿಬರದು. "ನೀನೇ ಮೊಬೈಲಲ್ಲಿ ನೋಡಿ ಹೇಳೇ, ನಿಂಗೆ ಇಂಗ್ಲಿಷ್ ಬರತ್ತಲ್ಲ" ಎಂದು ಹೆಂಡತಿಯ ತಲೆಗೆ ಕಟ್ಟಿದ.

ಹೆಂಡತಿ ಹೊಲಿಗೆಯವಳು. ಕನ್ನಡದಲ್ಲಿ ಏನು ಹುಡುಕಿದರೂ ಮನೆಮದ್ದು ಮಾರುವವರೇ ಸಿಗುತ್ತಾರೆಂದು ಬೇಸತ್ತು, ಇಂಗ್ಲಿಷಿನಲ್ಲಿ ಇಂಟರ್ನೆಟ್ ಹುಡುಕುವುದನ್ನು ಕಲಿಸುವ ಗ್ರಂಥಾಲಯದ ಸಂಜೆ ತರಗತಿಗೆ ಸೇರಿದ್ದಳು. ಅಲ್ಲಿನ ಮೇಡಂ ಚೆನ್ನಾಗಿಯೇ ಕಲಿಸಿದ್ದರು: ಉದ್ದುದ್ದ ವಾಕ್ಯ ಬೇಡ, ಮುಖ್ಯ ಪದ ಸಾಕು; ಬೇಡದ ಪದವಿದ್ದರೆ ಅದಕ್ಕೆ ಮುಂಚೆ ಒಂದು ಮೈನಸ್ ಗೀಟು ಹಾಕಿ, ಆ ಪದವಿರುವ ಪುಟ ನಿಮ್ಮ ಕಡೆ ತಲೆ ಹಾಕುವುದಿಲ್ಲ.

'ಗಂಟಲು ಕಟ್ಟಿದೆ, ಒಂದು ತಿಂಗಳು' ಎಂದು ಇಂಗ್ಲಿಷಿನಲ್ಲಿ ಬರೆದಳು. ಮೊದಲ ಪುಟದಲ್ಲೇ ಕ್ಯಾನ್ಸರ್ ಎಂಬ ಪದ ಕಂಡಿತು. ಮುಂದೆ ಓದಲಿಲ್ಲ. ಆ ಪದವನ್ನೇ ಬರೆದು ಮೈನಸ್ ಹಾಕಿದಳು. ಪಾಪ, ಕಲಿತ ವಿದ್ಯೆ ಕೈಕೊಡಲಿಲ್ಲ. ಪುಟಗಳೆಲ್ಲ ಸಾಧುವಾದವು: ಕೂಗಬೇಡಿ, ಬಿಸಿನೀರು ಕುಡಿಯಿರಿ, ತಾನಾಗಿಯೇ ಸರಿಹೋಗುತ್ತದೆ.

"ಕೂಗಿ ಕೂಗಿ ಗಂಟಲು ದಣಿದಿದೆಯಂತೆ, ಅಷ್ಟೇ" ಎಂದಳು. ಮೈಕು ನೆಮ್ಮದಿಯಿಂದ ಮಂಡಿಗೆ ಹೋದ. ಅಂದಿನಿಂದ ಅವನು ಕೇಳುವುದು, ಇವಳು ಮೈನಸ್ ಹಾಕಿ ನೋಡಿ ಹೇಳುವುದು. ಶಾಲೆಯ ಸಮವಸ್ತ್ರಗಳ ಹೊಲಿಗೆ ಮುಗಿದು ಚಳಿಯ ಕೋಟುಗಳು ಬಂದವು. ಆಸ್ಪತ್ರೆಯ ಮಾತು ಮನೆಯಲ್ಲಿ ಏಳಲೇ ಇಲ್ಲ.

ಒಂದು ಮಧ್ಯಾಹ್ನ ಅವಳು ಗುಂಡಿ ಹೊಲಿಯುತ್ತಿದ್ದಾಗ, ಯಾರಿಗೋ ಫೋನ್ ಮಾಡಲೆಂದು ಅವನು ಅವಳ ಮೊಬೈಲ್ ಎತ್ತಿಕೊಂಡ. ಹುಡುಕಿದ ಪುಟ ತೆರೆದೇ ಇತ್ತು. ಅವನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಆ ಒಂದು ಪದ ಮಾತ್ರ ಸಿಗರೇಟ್ ಪ್ಯಾಕಿನ ಮೇಲೆ ನೋಡಿ ನೋಡಿ ಪರಿಚಯವಾಗಿತ್ತು.

"ಇದ್ಯಾಕೆ ಬರ್ದಿದ್ದೀಯ?"

"ರೀ, ಅದು ಬರ್ಬಾರ್ದು ಅಂತಾನೇ ಬರ್ದಿದ್ದು. ಅದಕ್ಕೆ ಮುಂಚೆ ಗೀಟಿದೆ ನೋಡಿ."

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳಿಗೇ ಸುಲಭವಾಗುತ್ತಿತ್ತು. "ಡಾಕ್ಟರಾದ್ರೆ ಹೇಳ್ಬಿಡ್ತಾರೆ, ನೀನಾದ್ರೆ ಹೇಳಲ್ಲ ಅಂತ ನಿನ್ನನ್ನೇ ಕೇಳ್ತಿದ್ದೆ" ಎಂದ ಗೊಗ್ಗರು ದನಿಯಲ್ಲಿ. "ಆ ಗೀಟು, ಪದ ಎರಡೂ ಅಳಿಸು. ಏನಿದ್ಯೋ ಓದು."

ಅಳಿಸಿದಳು. ಮೊದಲ ಪುಟದಲ್ಲೇ ಇತ್ತು: ಮೂರು ವಾರ ದಾಟಿದರೆ ವೈದ್ಯರಿಗೆ ತೋರಿಸಿ, ಕ್ಯಾನ್ಸರ್ ಆಗಿದ್ದರೂ ಬೇಗ ಗೊತ್ತಾದರೆ ಗುಣಪಡಿಸಬಹುದು. ಆ ಸಾಲು ಮೊದಲ ದಿನವೂ ಅಲ್ಲೇ ಇತ್ತು. ಈ ಸಲ ಅವಳು ಪೂರ್ತಿ ಓದಿ ಹೇಳಿದಳು.

ಮೈಕು ಚಪ್ಪಲಿ ಮೆಟ್ಟುತ್ತಿದ್ದ. "ಬೇಗ ಅಂದ್ರೆ ಎಷ್ಟು ಬೇಗ ಅಂತೆ?"

ಅದನ್ನೂ ಹುಡುಕಬಹುದಿತ್ತು. ಅವಳು ಮೊಬೈಲನ್ನು ಬಟ್ಟೆಯ ರಾಶಿಯಲ್ಲೇ ಬಿಟ್ಟು ಅವನ ಜೊತೆ ಆಸ್ಪತ್ರೆಗೆ ಹೊರಟಳು.